ಸಂವಹನಮಾಧ್ಯಮಗಳ ವಿಕಾಸರೂಪಕ: ಉತ್ತರ ಕನ್ನಡ ಕರಾವಳಿಯ ಹಿನ್ನೆಲೆಯಲ್ಲಿ ಒಂದು ವಿವೇಚನೆ

೧

ಅಲಂಕಾರಶಾಸ್ತ್ರದ ವಿದ್ಯಾರ್ಥಿಗಳಿಗೆ ಉಪಮೆ ರೂಪಕಗಳ ಅಂತರ ಸುಪರಿಚಿತವಾದುದು. ಉಪಮೆಯು ಎರಡು ವಸ್ತುಗಳ ಭೇದವನ್ನು ಉಳಿಸಿಕೊಂಡೇ ಅವುಗಳ ಸಾಮ್ಯವನ್ನು ತೋರಿಸುತ್ತದೆ. ರೂಪಕವು ಆ ಭೇದವನ್ನು ಮರೆಸಿ ಒಂದರ ಮೇಲೆ ಇನ್ನೊಂದನ್ನು ಆರೋಪಿಸುತ್ತದೆ. ಮುಖವು ಚಂದ್ರನಂತಿದೆ ಎಂದಾಗ ಕೇಳುವವನ ಮನಸ್ಸಿನಲ್ಲಿ ಮುಖವೂ ಚಂದ್ರನೂ ಬೇರೆಬೇರೆಯಾಗಿಯೇ ನಿಲ್ಲುತ್ತವೆ. ಮುಖವೇ ಚಂದ್ರ ಎಂದಾಗ ಆ ಎಚ್ಚರ ಕರಗುತ್ತದೆ. ಕಾವ್ಯದಲ್ಲಿ ಈ ಕರಗುವಿಕೆಯೇ ಸೊಗಸು. ಶಾಸ್ತ್ರವಿಚಾರದಲ್ಲಿ ಮಾತ್ರ ಅದು ಅನೇಕ ವೇಳೆ ಭ್ರಾಂತಿಗೆ ದಾರಿಯಾಗುತ್ತದೆ. ಮನುಷ್ಯನ ಸಂವಹನಸಾಧನಗಳ ಇತಿಹಾಸವನ್ನು ಕುರಿತು ಕಳೆದ ಆರು ದಶಕಗಳಲ್ಲಿ ಬೆಳೆದುಬಂದಿರುವ ವಿಚಾರಸರಣಿಯೊಂದು ಇದಕ್ಕೆ ತಕ್ಕ ನಿದರ್ಶನ.

ಮಾತು, ಬರಹ, ಮುದ್ರಣ, ಆಕಾಶವಾಣಿ, ದೂರದರ್ಶನ, ಅಂತರ್ಜಾಲ ಇವುಗಳನ್ನು ಜೀವಿಗಳೆಂದೂ, ಇವು ನೆಲಸಿರುವ ಸಮಾಜವನ್ನು ಪರಿಸರವೆಂದೂ, ಇವುಗಳ ಏಳುಬೀಳುಗಳನ್ನು ವಿಕಾಸವೆಂದೂ ಭಾವಿಸುವುದು ಆ ಸರಣಿಯ ಸಾರ. ಇದಕ್ಕೆ ಎರಡು ಮೂಲಗಳುಂಟು. ಮೊದಲನೆಯದು ವಿಕಾಸವಾದ. ಚಾರ್ಲ್ಸ್ ಡಾರ್ವಿನ್ನನ ಪ್ರಸಿದ್ಧ ಗ್ರಂಥ ಪ್ರಕಟವಾದುದು ೧೮೫೯ರಲ್ಲಿ. ‘ಯೋಗ್ಯತಮವಾದುದರ ಉಳಿವು’ ಎಂಬ ಮಾತನ್ನು ೧೮೬೪ರಲ್ಲಿ ಬಳಕೆಗೆ ತಂದವನು ಹರ್ಬರ್ಟ್ ಸ್ಪೆನ್ಸರ್. ೧೯೭೬ರಲ್ಲಿ ರಿಚರ್ಡ್ ಡಾಕಿನ್ಸ್ ಒಂದು ತಲೆಯಿಂದ ಇನ್ನೊಂದು ತಲೆಗೆ ನಕಲುಗೊಳ್ಳುತ್ತ ಹಬ್ಬುವ ಭಾವನೆ, ರಾಗ, ನುಡಿಗಳಿಗೆ ‘ಮೀಮ್’ ಎಂಬ ಹೆಸರಿಟ್ಟು ವಿಕಾಸತತ್ತ್ವವನ್ನು ಸಂಸ್ಕೃತಿಗೂ ಅನ್ವಯಿಸಿದನು. ಎರಡನೆಯ ಮೂಲ ಪರಿಸರಶಾಸ್ತ್ರ. ಜೀವಿಗೂ ಅದರ ನೆಲೆಗೂ ಇರುವ ಸಂಬಂಧದ ಶಾಸ್ತ್ರಕ್ಕೆ ೧೮೬೬ರಲ್ಲಿ ಜರ್ಮನಿಯ ಅರ್ನ್ಸ್ಟ್ ಹೆಕೆಲ್ ಹೆಸರು ಕೊಟ್ಟನು. ಕೆನಡಾದ ಮಾರ್ಷಲ್ ಮ್ಯಾಕ್ಲುಹಾನ್ ೧೯೬೪ರ ತನ್ನ ಗ್ರಂಥದಲ್ಲಿ ಮಾಧ್ಯಮಗಳನ್ನು ಮನುಷ್ಯನ ಇಂದ್ರಿಯಗಳ ವಿಸ್ತರಣೆಗಳೆಂದು ನಿರೂಪಿಸಿದ ಮೇಲೆ, ೧೯೬೮ರಲ್ಲಿ ಅಮೆರಿಕದ ನೀಲ್ ಪೋಸ್ಟ್‌ಮನ್ ‘ಮಾಧ್ಯಮ ಪರಿಸರಶಾಸ್ತ್ರ’ವೆಂಬ ಹೆಸರನ್ನು ವಿದ್ವತ್ಸಭೆಯಲ್ಲಿ ಮುಂದಿಟ್ಟನು.

ಈ ರೂಪಕಗಳು ಇಂದು ಪಠ್ಯಪುಸ್ತಕಗಳಿಗೂ ದಿನಪತ್ರಿಕೆಗಳ ಭಾಷೆಗೂ ಇಳಿದಿವೆ. ತಾಡವೋಲೆಯ ಕಾಲ ಮುಗಿಯಿತು, ಹೊಸದು ಬಂದಾಗ ಹಳೆಯದು ಅಳಿಯುವುದು ಪ್ರಕೃತಿನಿಯಮ ಎಂಬ ಮಾತು ಸಹಜವೆಂಬಂತೆ ಕೇಳಿಬರುತ್ತದೆ. ಇದು ಎಷ್ಟರಮಟ್ಟಿಗೆ ನಿಜವೆಂಬುದನ್ನು ದೂರದೇಶದ ನಿದರ್ಶನಗಳಿಗಿಂತ ಕನ್ನಡನಾಡಿನದೇ ಒಂದು ನೆಲದಲ್ಲಿ ಒರೆಗೆ ಹಚ್ಚುವುದು ಲೇಸು. ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳು ಅಂಥ ಪರೀಕ್ಷೆಗೆ ಒದಗುವ ಕ್ಷೇತ್ರ. ಶಿಲಾಶಾಸನ, ತಾಡವೋಲೆ, ಬಯಲಾಟ, ನಾಟಿಯ ಹಾಡು, ಅಚ್ಚಿನ ಪ್ರಸಂಗಪುಸ್ತಕ, ಧ್ವನಿಸುರುಳಿ, ಮೊಬೈಲ್ ಎಲ್ಲವೂ ಇಲ್ಲಿನ ಕಿರಿದಾದ ಕರಾವಳಿಯ ಪಟ್ಟಿಯಲ್ಲಿ ಒಂದರ ಮೇಲೊಂದು ಪದರವಾಗಿ ಕೂಡಿವೆ.

೨

ಈ ರೂಪಕಗಳಲ್ಲಿ ಸತ್ಯಾಂಶವೇ ಇಲ್ಲವೆನ್ನುವುದು ನ್ಯಾಯವಾಗದು. ವಾಸ್ತವವಾಗಿ ಗ್ರಂಥಸಂಪಾದನೆಯಲ್ಲಿ ಇಂತಹ ಕಲ್ಪನೆ ಡಾರ್ವಿನ್ನನ ಗ್ರಂಥಕ್ಕಿಂತ ಮೊದಲೇ ಬಳಕೆಯಲ್ಲಿತ್ತು. ಲಿಪಿಕಾರನೊಬ್ಬನ ಕೈತಪ್ಪು ಅವನ ಪ್ರತಿಯನ್ನು ನೋಡಿ ಬರೆದವರೆಲ್ಲರ ಪ್ರತಿಗಳಿಗೂ ಇಳಿದುಬರುತ್ತದೆ. ಸಮಾನವಾದ ತಪ್ಪುಗಳನ್ನು ಹಿಡಿದು ಸಮಾನವಾದ ಮೂಲವನ್ನು ಊಹಿಸಬಹುದು. ಹೀಗೆ ಹಸ್ತಪ್ರತಿಗಳ ವಂಶವೃಕ್ಷವನ್ನು ಬರೆಯುವ ಪದ್ಧತಿ ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿಯೇ ಯೂರೋಪಿನಲ್ಲಿ ರೂಪುಗೊಂಡಿತು. ಪಾಠಾಂತರವೆಂಬುದು ಜೀವಿಗಳಲ್ಲಿ ಕಾಣುವ ಭಿನ್ನತೆಗೆ ಬಹುಮಟ್ಟಿಗೆ ಸದೃಶವಾದುದು. ವಚನಗಳ ಪಾಠಪರಿಷ್ಕರಣದಲ್ಲಿ ತೊಡಗಿದ ವಿದ್ವಾಂಸರು ಈ ಸಾದೃಶ್ಯದ ಪ್ರಯೋಜನವನ್ನು ನಿತ್ಯವೂ ಪಡೆದಿದ್ದಾರೆ.

ಪರಿಸರರೂಪಕದ ಗುಣ ಬೇರೆಯದು. ಹೊಸ ಮಾಧ್ಯಮವು ಹಳೆಯವುಗಳ ಪಕ್ಕದಲ್ಲಿ ಒಂದು ಎಂದು ಸೇರಿಕೊಳ್ಳುವುದಿಲ್ಲ. ಎಲ್ಲವುಗಳ ಪರಸ್ಪರ ಸಂಬಂಧವನ್ನೇ ಬದಲಾಯಿಸುತ್ತದೆ ಎಂಬುದು ಪೋಸ್ಟ್‌ಮನ್ನನ ಮುಖ್ಯ ಪ್ರತಿಪಾದನೆ. ಜರ್ಮನಿಯ ವೋಲ್ಫ್‌ಗಾಂಗ್ ರೀಪ್ಲ್ ೧೯೧೩ರಲ್ಲಿಯೇ ಇನ್ನೊಂದು ಸಂಗತಿಯನ್ನು ಗುರುತಿಸಿದ್ದನು: ನೆಲೆಗೊಂಡ ಸಂವಹನರೂಪ ಹೊಸದರಿಂದ ಪೂರ್ತಿಯಾಗಿ ನಾಶವಾಗುವುದು ವಿರಳ, ಅದು ತನಗೆ ಬೇರೊಂದು ಕೆಲಸವನ್ನು, ಬೇರೊಂದು ನೆಲೆಯನ್ನು ಹುಡುಕಿಕೊಳ್ಳುತ್ತದೆ. ಕರಾವಳಿಯ ಕೊಂಕಣಿಯನ್ನು ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ಅದೇ ನುಡಿ ನಾಗರಿಯಲ್ಲಿ, ಕನ್ನಡದಲ್ಲಿ, ರೋಮನ್ ಲಿಪಿಯಲ್ಲಿ ಬರಹವಾಗಿದೆ. ಭಟ್ಕಳದ ನವಾಯತರ ಬಾಯಲ್ಲಿ ಅದರದೇ ಬಳಗದ ನವಾಯತಿಯಾಗಿ ಅರಬ್ಬೀ-ಪಾರಸಿ ಲಿಪಿಯಲ್ಲಿ ನಿಂತಿದೆ. ಒಂದು ಲಿಪಿ ಇನ್ನೊಂದನ್ನು ನುಂಗಲಿಲ್ಲ. ಒಂದೊಂದು ಸಮುದಾಯದ ಓದಿನ ರೂಢಿಯಲ್ಲಿ ಒಂದೊಂದು ನೆಲೆಗೊಂಡಿತು.

೩

ಹೀಗಿದ್ದರೂ ವಿಕಾಸರೂಪಕದ ಮೂಲದೋಷ ಭಟ್ಕಳ ತಾಲೂಕಿನ ಹಾಡುವಳ್ಳಿಯಲ್ಲಿ ಬಯಲಾಗುತ್ತದೆ. ಹಿಂದೆ ಸಂಗೀತಪುರವೆನಿಸಿದ್ದ ಈ ಜೈನಕೇಂದ್ರದೊಡನೆ ಸಂಬಂಧವಿದ್ದ ಭಟ್ಟಾಕಳಂಕದೇವನು ೧೬೦೪ರಲ್ಲಿ ‘ಕರ್ಣಾಟಕ ಶಬ್ದಾನುಶಾಸನ’ವನ್ನು ೫೯೨ ಸಂಸ್ಕೃತಸೂತ್ರಗಳಲ್ಲಿ ರಚಿಸಿದನು. ಕನ್ನಡವು ಶಾಸ್ತ್ರಕ್ಕೆ ಒದಗದ ಭಾಷೆ ಎಂಬ ಆಕ್ಷೇಪವನ್ನು ಅಲ್ಲಗಳೆಯುವಾಗ ಅವನು ಮುಂದಿಡುವ ಸಾಕ್ಷ್ಯಗಳಲ್ಲಿ ಮುಖ್ಯವಾದುದು ೯೬,೦೦೦ ಗ್ರಂಥಪ್ರಮಾಣದ ‘ಚೂಡಾಮಣಿ’, ತತ್ತ್ವಾರ್ಥಮಹಾಶಾಸ್ತ್ರದ ಕನ್ನಡ ವ್ಯಾಖ್ಯಾನ. ಕನ್ನಡದ ಯೋಗ್ಯತೆಗೆ ಸಾಕ್ಷಿಯೆಂದು ವೈಯಾಕರಣನು ಎತ್ತಿ ಹಿಡಿದ ಆ ಮಹಾಗ್ರಂಥವೇ ಇಂದು ದೊರೆಯದು. ಸಾಕ್ಷ್ಯ ಹೋಯಿತು, ಸಾಕ್ಷ್ಯವನ್ನು ಹೆಸರಿಸಿದ ವ್ಯಾಕರಣ ಉಳಿಯಿತು.

‘ಯೋಗ್ಯತಮದ ಉಳಿವು’ ಎಂಬ ಸೂತ್ರದಿಂದ ಇದನ್ನು ವಿವರಿಸಹೊರಟರೆ ಚೂಡಾಮಣಿಯು ಅಯೋಗ್ಯವಾಗಿತ್ತೆಂದು ಹೇಳಬೇಕಾಗುತ್ತದೆ. ಅಯೋಗ್ಯವಾಗಿತ್ತೆನ್ನಲು ಆಧಾರವೇನು? ಅದು ಅಳಿದುದೇ ಆಧಾರ. ಅಳಿದುದೇಕೆ? ಅಯೋಗ್ಯವಾಗಿದ್ದುದರಿಂದ. ತರ್ಕಶಾಸ್ತ್ರವು ಇದನ್ನು ಅನ್ಯೋನ್ಯಾಶ್ರಯದೋಷವೆನ್ನುತ್ತದೆ. ಜೀವಶಾಸ್ತ್ರದಲ್ಲಿ ಯೋಗ್ಯತೆಯನ್ನು ಉಳಿವಿನಿಂದ ಬೇರೆಯಾಗಿ ಅಳೆಯುವ ಉಪಾಯಗಳುಂಟು. ಕೊಕ್ಕಿನ ಗಾತ್ರ, ರೆಕ್ಕೆಯ ಬಣ್ಣ, ಚಳಿಯನ್ನು ತಾಳುವ ಶಕ್ತಿ ಇತ್ಯಾದಿ. ಗ್ರಂಥದ ವಿಷಯದಲ್ಲಿ ಅಂಥ ಅಳತೆಗೋಲು ಇಲ್ಲ. ‘ಕವಿರಾಜಮಾರ್ಗ’ವು ಹೆಸರಿಸುವ ಗದ್ಯಕಾರರಾದ ವಿಮಲೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತರ ಕೃತಿಗಳೂ ದೊರೆತಿಲ್ಲ. ಅವರ ಗದ್ಯ ಕೆಟ್ಟದಾಗಿತ್ತೆಂದು ಯಾವ ವಿಮರ್ಶಕನೂ ಇದರಿಂದ ಊಹಿಸಲಾರನು.

ಕೆನಡಾದ ಇನ್ನೊಬ್ಬ ವಿದ್ವಾಂಸ ಹೆರಾಲ್ಡ್ ಇನ್ನಿಸ್ ೧೯೫೧ರಲ್ಲಿ ಪ್ರಕಟಿಸಿದ ಸಿದ್ಧಾಂತವನ್ನು ಇಲ್ಲಿ ನೆನೆಯಬೇಕು. ಕಲ್ಲಿನಂತಹ ಭಾರವಾದ ಮಾಧ್ಯಮ ಕಾಲವನ್ನು ಗೆಲ್ಲುತ್ತದೆ. ಕಾಗದದಂತಹ ಹಗುರವಾದುದು ದೂರವನ್ನು ಗೆಲ್ಲುತ್ತದೆ ಎಂಬುದು ಅದರ ತಿರುಳು. ಸ್ಥಾವರ ಜಂಗಮಗಳ ವಿವೇಕವನ್ನು ಬಲ್ಲ ಶರಣಸಾಹಿತ್ಯದ ಓದುಗರಿಗೆ ಈ ವಿಭಾಗ ಅಪರಿಚಿತವೆನಿಸದು. ಆದರೆ ಅವರಿಗೆ ಇದರ ಕೊರತೆಯೂ ಬೇಗ ಕಾಣುತ್ತದೆ. ಹಾಡುವಳ್ಳಿ, ಭಟ್ಕಳ, ಗೇರುಸೊಪ್ಪೆಗಳ ಶಿಲಾಶಾಸನಗಳು ಇಂದಿಗೂ ನಿಂತಿವೆ. ಅವುಗಳ ಅಕ್ಷರವನ್ನು ಓದಬಲ್ಲವರು ಶಾಸನತಜ್ಞರು ಮಾತ್ರ. ಶಬ್ದಾನುಶಾಸನವಾದರೋ ಗೆದ್ದಲಿಗೂ ತೇವಕ್ಕೂ ತುತ್ತಾಗುವ ಓಲೆಯಲ್ಲಿದ್ದುದು. ಪ್ರತಿಯಿಂದ ಪ್ರತಿಗೆ ನಡೆದುಬಂದು ೧೮೯೦ರಲ್ಲಿ ಬಿ. ಎಲ್. ರೈಸರ ಕೈಯಲ್ಲಿ ಅಚ್ಚಾಯಿತು. ಈಗಲೂ ವ್ಯಾಕರಣದ ವಿದ್ಯಾರ್ಥಿಗಳಿಗೆ ದೊರೆಯುತ್ತದೆ. ಕಾಲವನ್ನು ಗೆದ್ದುದು ಕಲ್ಲಲ್ಲ, ಚಲಿಸಿದ ಓಲೆ. ಉಳಿವು ದ್ರವ್ಯದ ಗುಣವಲ್ಲ; ಒಯ್ಯುವವರ ಕಾಯಕ. ಚೂಡಾಮಣಿಯನ್ನು ಒಯ್ಯುವ ಕೈಗಳು ಎಲ್ಲಿಯೋ ನಿಂತುಹೋದುವು ಎಂಬುದಷ್ಟೇ ಇಲ್ಲಿ ಹೇಳಬಹುದಾದ ಮಾತು.

೪

ಪರಿಸರರೂಪಕ ತನ್ನ ಪೂರ್ಣಶಕ್ತಿಯನ್ನು ತೋರುವುದು ಯಕ್ಷಗಾನದ ವಿಷಯದಲ್ಲಿ. ಬಡಗುತಿಟ್ಟಿನ ಪ್ರಮುಖ ನೆಲೆಗಳಲ್ಲಿ ಹೊನ್ನಾವರ ಸೀಮೆಯೂ ಒಂದು. ಗುಣವಂತೆಯ ಕೆರೆಮನೆ ಶಿವರಾಮ ಹೆಗಡೆಯವರು ೧೯೩೪ರಲ್ಲಿ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿಯನ್ನು ಸ್ಥಾಪಿಸಿದುದೂ, ಇದೇ ತಾಲೂಕಿನ ಚಿಟ್ಟಾಣಿ ರಾಮಚಂದ್ರ ಹೆಗಡೆಯವರಿಗೆ ೨೦೧೨ರಲ್ಲಿ ಪದ್ಮಶ್ರೀ ಸಂದುದೂ ಸರ್ವವಿದಿತ.

ಈ ಕಲೆಯಲ್ಲಿ ಋತುಗಳಿಗನುಗುಣವಾದ ಎರಡು ರೂಪಗಳುಂಟು. ಗದ್ದೆಗಳು ಒಣಗಿದ ಕಾಲದಲ್ಲಿ ವೇಷ, ಕುಣಿತ, ಹಿಮ್ಮೇಳಗಳೊಡನೆ ರಾತ್ರಿಯಿಡೀ ಬಯಲಾಟ. ಮಳೆ ಹಿಡಿದಾಗ ಸೂರಿನ ಕೆಳಗೆ ಕುಳಿತು, ವೇಷವಿಲ್ಲದೆ, ಮಾತಿನಲ್ಲಿಯೇ ಅದೇ ಪ್ರಸಂಗವನ್ನು ಕಟ್ಟುವ ತಾಳಮದ್ದಲೆ. ಒಂದೇ ಬೀಜ ಎರಡು ಹವೆಗಳಲ್ಲಿ ಎರಡು ಬಗೆಯಾಗಿ ಬೆಳೆದಂತಿದೆ. ೧೯೫೦ರಲ್ಲಿ ಧಾರವಾಡದಲ್ಲಿಯೂ ೧೯೭೬ರಲ್ಲಿ ಮಂಗಳೂರಿನಲ್ಲಿಯೂ ಆಕಾಶವಾಣಿ ನಿಲಯಗಳು ಆರಂಭವಾದಾಗ ಇವೆರಡರಲ್ಲಿ ಯಾವುದು ಆ ಹೊಸ ಮಾಧ್ಯಮಕ್ಕೆ ಹೊಂದುವಂತಿತ್ತೆಂಬುದನ್ನು ವಿವರಿಸಬೇಕಾಗಿಲ್ಲ. ಮಳೆಗಾಲದ ಅಡಚಣೆಯಲ್ಲಿ ಹುಟ್ಟಿ ಕೇವಲ ಧ್ವನಿಯನ್ನೇ ಆಶ್ರಯಿಸಿದ ತಾಳಮದ್ದಲೆಯು ಧ್ವನಿಯನ್ನು ಮಾತ್ರ ಒಯ್ಯಬಲ್ಲ ಆಕಾಶವಾಣಿಗೂ ಬಳಿಕ ಕ್ಯಾಸೆಟ್ಟಿಗೂ ಮೊದಲೇ ಸಿದ್ಧವಾಗಿದ್ದಂತೆ ಒದಗಿಬಂದಿತು. ಒಂದು ಪ್ರಯೋಜನಕ್ಕಾಗಿ ರೂಪುಗೊಂಡ ಅಂಗವು ಇನ್ನೊಂದಕ್ಕೆ ಒದಗುವ ಈ ಸಂಗತಿಗೆ ೧೯೮೨ರಲ್ಲಿ ಸ್ಟೀಫನ್ ಜೇ ಗೌಲ್ಡ್ ಮತ್ತು ಎಲಿಸಬೆತ್ ವ್ರ್ಬಾ ಪ್ರತ್ಯೇಕವಾದ ಪರಿಭಾಷೆಯನ್ನೇ ರಚಿಸಿದರು. ಮೈಬೆಚ್ಚಗಿಡಲು ಮೂಡಿದ ಗರಿ ಮುಂದೆ ಹಾರಾಟಕ್ಕೆ ನೆರವಾದುದು ಅವರ ಉದಾಹರಣೆಗಳಲ್ಲಿ ಒಂದು.

ಇನ್ನೂ ಸೂಕ್ಷ್ಮವಾದ ಸಂಗತಿಯೊಂದುಂಟು. ಪ್ರಸಂಗಪುಸ್ತಕದಲ್ಲಿ ಇರುವುದು ಭಾಗವತನು ಹಾಡುವ ಪದ್ಯಗಳು ಮಾತ್ರ. ಪಾತ್ರಧಾರಿಯ ಅರ್ಥವು ಆಯಾ ರಾತ್ರಿಯ ಸೃಷ್ಟಿ. ಆದಕಾರಣ ಓಲೆಯೂ ಅನಂತರ ಮುದ್ರಣವೂ ಹಿಡಿದಿಟ್ಟುದು ಪದ್ಯವನ್ನು. ಧ್ವನಿಸುರುಳಿ ಬಂದಾಗ ಅಲ್ಲಿಯವರೆಗೆ ಯಾವ ಬರಹಕ್ಕೂ ಸಿಕ್ಕದಿದ್ದ ಅರ್ಥಗಾರಿಕೆ ಮೊದಲ ಬಾರಿಗೆ ಸ್ಥಿರರೂಪ ಪಡೆಯಿತು. ದೃಶ್ಯಮುದ್ರಣ ಕುಣಿತವನ್ನೂ ಮುಖಭಾವವನ್ನೂ ಸೆರೆಹಿಡಿಯಿತು. ಒಂದೊಂದು ಮಾಧ್ಯಮ ಕಲೆಯ ಒಂದೊಂದು ಅಂಗದಲ್ಲಿ ನೆಲೆ ಮಾಡಿತೇ ಹೊರತು ಯಾವುದೂ ಇನ್ನೊಂದರ ಸ್ಥಾನವನ್ನು ಆಕ್ರಮಿಸಲಿಲ್ಲ. ಯಾವ ಮಾಧ್ಯಮಕ್ಕೂ ದಕ್ಕದೆ ಉಳಿದುದು ಇಡೀ ರಾತ್ರಿಯ ಕಾಲಾವಧಿ, ಹರಕೆಯ ಭಾವ, ಮುಂಜಾವಿನ ಮಂಗಳಕ್ಕೆ ಕಾದು ಕುಳಿತ ಸಭೆ.

ಆದರೆ ಸ್ಥಿರವಾದುದಕ್ಕೆ ತನ್ನದೇ ಆದ ತೂಕವಿರುತ್ತದೆ. ಒಬ್ಬ ಮಹಾನ್ ಕಲಾವಿದನ ಒಂದು ರಾತ್ರಿಯ ಅರ್ಥ ಮತ್ತೆಮತ್ತೆ ಕೇಳಲು ದೊರೆತಾಗ ಅದು ಮಾದರಿಯಾಗಿ ಗಟ್ಟಿಯಾಗುವ ಸಂಭವವುಂಟು. ಸಾವಿರ ಬಗೆಯಾಗಿ ಹೇಳಬಹುದಾದ ಮಾತು ಒಂದೇ ಬಗೆಗೆ ಇಳಿಯುವ ಭಯವುಂಟು. ಉಳಿಸಿದುದೇ ವೈವಿಧ್ಯವನ್ನು ಕುಗ್ಗಿಸಬಹುದೆಂಬ ಈ ವಿರೋಧಾಭಾಸವನ್ನು ಪರಿಸರರೂಪಕ ಚೆನ್ನಾಗಿ ಬೆಳಗಿಸುತ್ತದೆ.

ಜನಪದಗೀತೆಗಳ ವಿಷಯದಲ್ಲಿಯೂ ಅಷ್ಟೇ. ಕುಮಟೆಯ ಎಲ್. ಆರ್. ಹೆಗಡೆ, ಹೊನ್ನಾವರದ ಎನ್. ಆರ್. ನಾಯಕ ಮೊದಲಾದವರು ಉತ್ತರ ಕನ್ನಡದ ಹಾಡುಗಳನ್ನು ಬಾಯಿಂದ ಬರೆದುಕೊಂಡು ಗ್ರಂಥಗಳಾಗಿ ಪ್ರಕಟಿಸಿದ್ದಾರೆ. ಈ ಉಪಕಾರ ದೊಡ್ಡದು. ಹಾಗಿದ್ದರೂ ನಾಟಿಯ ಹಾಡಿನ ನೆಲೆ ಪುಸ್ತಕವಲ್ಲ, ನಾಟಿಯ ಗದ್ದೆ. ನೆಲೆ ತಪ್ಪಿದ ಮೇಲೆ ಹಾಡು ಪಾಠವಾಗಿ ಉಳಿಯಬಹುದು, ಹಾಡಾಗಿ ಉಳಿಯುವುದು ದುಸ್ತರ. ಅಂಕೋಲೆಯ ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರು ೨೦೨೫ರಲ್ಲಿ ತೀರಿಕೊಂಡಾಗ ನಾಡು ಶೋಕಿಸಿದುದು ಪುಸ್ತಕಗಳಿಲ್ಲದುದಕ್ಕಲ್ಲ.

೫

ಇಷ್ಟರಮಟ್ಟಿಗೆ ಪರಿಸರರೂಪಕವು ವಿಕಾಸರೂಪಕಕ್ಕಿಂತ ಉತ್ತಮವೆಂಬುದು ನಿರ್ವಿವಾದ. ಆದರೆ ಅದಕ್ಕೂ ಒಂದು ಕುರುಡುಂಟು. ಪರಿಸರವೆಂದೊಡನೆ ಅದು ತಾನಾಗಿ ಆದುದು, ಯಾರೂ ಮಾಡಿದುದಲ್ಲ ಎಂಬ ಭಾವನೆ ಮೂಡುತ್ತದೆ. ಸಂವಹನದ ಪರಿಸರ ಹಾಗಲ್ಲ.

ಕುಮಟೆಯ ಬಂದರಿನ ಚರಿತ್ರೆಯನ್ನೇ ನೋಡಬಹುದು. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಪ್ರಾಂತದ ಹತ್ತಿ ಘಟ್ಟವಿಳಿದು ಇಲ್ಲಿಂದ ಮುಂಬಯಿಗೆ ಹೋಗುತ್ತಿತ್ತು. ಆ ಹತ್ತಿಗೆ ಪೇಟೆಯಲ್ಲಿ ಕುಮಟಾ ಎಂದೇ ಹೆಸರಾಗಿತ್ತು. ೧೮೭೮ರಲ್ಲಿ ಬ್ರಿಟಿಷ್ ಮತ್ತು ಪೋರ್ಚುಗೀಸ್ ಸರಕಾರಗಳು ಒಪ್ಪಂದ ಮಾಡಿಕೊಂಡು, ಮುಂದಿನ ದಶಕದಲ್ಲಿ ಮರ್ಮಗೋವೆಗೆ ರೈಲು ಹಾಕಿದ ಮೇಲೆ ಈ ವ್ಯಾಪಾರ ಕುಗ್ಗಿತು. ಕುಮಟೆಯ ಸಮುದ್ರ ಬದಲಾಗಲಿಲ್ಲ, ದೋಣಿಗಳು ಬದಲಾಗಲಿಲ್ಲ. ಬದಲಾದುದು ಎಲ್ಲಿಯೋ ಕುಳಿತವರ ನಿರ್ಧಾರ. ಅಂತೆಯೇ ೨೦೦೦ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕವನ್ನು ನಿರ್ಬಂಧಿಸಿದುವು. ಆ ಅವಧಿಯೇ ಬಯಲಾಟದ ಅವಧಿ. ಕಾಲಮಿತಿಯ ಪ್ರಯೋಗಗಳು ಹೆಚ್ಚಿದುದಕ್ಕೆ ಪ್ರೇಕ್ಷಕರ ಬದಲಾದ ದಿನಚರಿಯ ಜತೆಗೆ ಇದೂ ಒಂದು ಕಾರಣ. ನಿಯಮ ಸರಿಯೋ ತಪ್ಪೋ ಎಂಬುದು ಬೇರೆಯ ಚರ್ಚೆ. ಅದು ಪ್ರಕೃತಿನಿಯಮವಲ್ಲ ಎಂಬುದು ಇಲ್ಲಿ ಗಮನಾರ್ಹ.

ಈ ಸೀಮೆಯ ಎರಡು ನದಿಗಳು ಈ ಅಂಶವನ್ನು ಕಣ್ಣಿಗೆ ಕಟ್ಟುವಂತೆ ತೋರಿಸುತ್ತವೆ. ಹೊನ್ನಾವರದ ಶರಾವತಿಯ ಮೇಲುಭಾಗದಲ್ಲಿ ೧೯೬೪ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣವಾಯಿತು. ವಿದ್ಯುತ್ತಿಗಾಗಿ ಬಿಟ್ಟ ಸಿಹಿನೀರು ವರ್ಷವಿಡೀ ಹರಿದುಬರತೊಡಗಿ ಅಳಿವೆಯ ಉಪ್ಪು ಕುಗ್ಗಿತು; ಅದರೊಡನೆ ಉಪ್ಪುನೀರನ್ನು ಬೇಡುವ ಬಳಚು ಮೊದಲಾದ ಚಿಪ್ಪುಜೀವಿಗಳೂ ಕುಗ್ಗಿದುವೆಂದು ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ವಾಂಸರು ತೋರಿಸಿದ್ದಾರೆ. ಪಕ್ಕದ ಕುಮಟೆಯ ಅಘನಾಶಿನಿಗೆ ಅಣೆಕಟ್ಟಿಲ್ಲ. ಅದರ ಅಳಿವೆ ಇಂದಿಗೂ ಸಮೃದ್ಧವಾಗಿದ್ದು ೨೦೨೪ರಲ್ಲಿ ರಾಮ್ಸರ್ ತಾಣವೆಂದು ಘೋಷಿತವಾಯಿತು. ಶರಾವತಿಯ ಬಳಚನ್ನು ಅಳಿಸಬೇಕೆಂದು ಯಾರೂ ಸಂಕಲ್ಪಿಸಿರಲಿಲ್ಲ. ಆದರೂ ಅದು ಕುಗ್ಗಿದುದು ಮನುಷ್ಯರ ಕೈಯಿಂದ.

ಅಘನಾಶಿನಿಯ ದಂಡೆಯ ಗಜನಿಗದ್ದೆ ಇನ್ನೂ ತಕ್ಕ ಉಪಮಾನ. ಅಲ್ಲಿ ಉಪ್ಪುನೀರೂ ಸಿಹಿನೀರೂ ಕೂಡುತ್ತವೆ. ಉಪ್ಪನ್ನು ತಾಳಬಲ್ಲ ಕಗ್ಗ ಭತ್ತ ಬೆಳೆಯುತ್ತದೆ. ತೆನೆ ಕೊಯ್ದ ಮೇಲೆ ಉಳಿದ ಹುಲ್ಲು ಕೊಳೆತು ಸೀಗಡಿ ಮೀನುಗಳಿಗೆ ಆಹಾರವಾಗುತ್ತದೆ. ನೋಡಿದರೆ ಪ್ರಕೃತಿಯ ಏರ್ಪಾಡಿನಂತೆ ತೋರುವ ಈ ವ್ಯವಸ್ಥೆ ನಿಂತಿರುವುದು ಮಣ್ಣಿನ ಕಟ್ಟದ ಮೇಲೆ, ಭರತ ಇಳಿತಗಳನ್ನು ಅರಿತು ಬಾಗಿಲನ್ನು ತೆಗೆದು ಹಾಕುವ ಕೈಗಳ ಮೇಲೆ, ವರ್ಷವರ್ಷವೂ ಬೀಜವನ್ನು ತೆಗೆದಿಡುವ ಮನೆಗಳ ಮೇಲೆ. ೧೯೯೦ರ ದಶಕದಲ್ಲಿ ಸೀಗಡಿಯ ಲಾಭ ಕಂಡು ಕಟ್ಟಗಳ ಉಪಯೋಗ ಬದಲಾದಾಗ ಕಗ್ಗದ ಬೇಸಾಯ ಕುಗ್ಗಿತು. ಉಪ್ಪನ್ನು ಗೆದ್ದ ಭತ್ತವು ಯೋಗ್ಯತೆ ಸಾಲದೆ ಹಿಂಜರಿಯಿತೆನ್ನಲು ಸಾಧ್ಯವೇ?

ಡಾರ್ವಿನ್ನನ ಗ್ರಂಥವನ್ನು ಎಚ್ಚರದಿಂದ ಓದಿದವರಿಗೆ ಇದಕ್ಕೆ ಉತ್ತರ ಅಲ್ಲಿಯೇ ದೊರೆಯುತ್ತದೆ. ನಿಸರ್ಗದ ಆಯ್ಕೆಯನ್ನು ನಾಲ್ಕನೆಯ ಅಧ್ಯಾಯದಲ್ಲಿ ವಿವರಿಸುವ ಮೊದಲು ಅವನು ಇಡೀ ಮೊದಲನೆಯ ಅಧ್ಯಾಯವನ್ನು ಪಾರಿವಾಳ ಸಾಕುವವರಿಗೂ ಬೇಸಾಯಗಾರರಿಗೂ ಮೀಸಲಿಟ್ಟಿದ್ದಾನೆ. ಅಲ್ಲಿ ಆಯುವವನು ಮನುಷ್ಯ. ಅನೇಕ ವೇಳೆ ತಾನು ಆಯುತ್ತಿದ್ದೇನೆಂಬ ಅರಿವಿಲ್ಲದೆಯೇ, ಚೆನ್ನಾದುದನ್ನು ಉಳಿಸಿಕೊಂಡು ಉಳಿದುದನ್ನು ಬಿಡುತ್ತಾನೆ. ಮಾಧ್ಯಮಗಳ ಚರಿತ್ರೆಗೆ ಹೊಂದುವುದು ಆ ಮೊದಲ ಅಧ್ಯಾಯ. ವಿದ್ವಾಂಸರು ಅದನ್ನು ದಾಟಿ ನೇರವಾಗಿ ನಾಲ್ಕನೆಯದಕ್ಕೆ ಹೋದುದರಿಂದಲೇ ಗದ್ದೆಗೆ ಕಾಡಿನ ನ್ಯಾಯ ಅಂಟಿಕೊಂಡಿತು.

೬

ಈ ತೀರ್ಮಾನಕ್ಕೆ ಬಲವಾದ ಸಮರ್ಥನೆ ವಚನಸಾಹಿತ್ಯದ ಚರಿತ್ರೆಯೇ. ಹನ್ನೆರಡನೆಯ ಶತಮಾನದ ನುಡಿಗಳು ಬಾಯಿಯಿಂದಲೂ ಓಲೆಯಿಂದಲೂ ನಡೆದುಬಂದು, ಹದಿನೈದನೆಯ ಶತಮಾನದ ಸಂಕಲನಕಾರರ ಕೈಯಲ್ಲಿ ಕಟ್ಟುಗಳಾದುವು. ಶೂನ್ಯಸಂಪಾದನೆಗಳ ರೂಪದಲ್ಲಿ ಒಂದು ಹೊಸ ಸಂವಾದಪ್ರಕಾರವನ್ನೇ ಪಡೆದುವು. ಬಳಿಕ ಬಹುಕಾಲ ಮಠಗಳಲ್ಲಿಯೂ ಮನೆಗಳ ಜಗಲಿಗಂಟುಗಳಲ್ಲಿಯೂ ಮಲಗಿದುವು. ಫ. ಗು. ಹಳಕಟ್ಟಿಯವರು ಊರೂರು ತಿರುಗಿ ಅವನ್ನು ಕೂಡಿಸಿ ೧೯೨೩ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದು, ೧೯೨೬ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ವಚನಗಳು ಯೋಗ್ಯವಾಗಿದ್ದುದರಿಂದ ತಾವಾಗಿಯೇ ಉಳಿದುವೆಂದರೆ ಈ ಶ್ರಮಕ್ಕೆ ಅರ್ಥವಿಲ್ಲ. ಅಷ್ಟೇ ಯೋಗ್ಯವಾದ ಚೂಡಾಮಣಿ ಉಳಿಯಲಿಲ್ಲವೆಂಬುದನ್ನು ಮರೆಯಬಾರದು. ಒಂದಕ್ಕೆ ಹೊರುವವರು ದೊರೆತರು, ಇನ್ನೊಂದಕ್ಕೆ ದೊರೆಯಲಿಲ್ಲ.

ಇದು ಕೇವಲ ಪಾಂಡಿತ್ಯದ ಪ್ರಶ್ನೆಯಲ್ಲ. ಅಳಿವು ಪ್ರಕೃತಿಯ ತೀರ್ಪೆಂದು ಒಪ್ಪಿದಲ್ಲಿ ಯಾರೂ ಹೊಣೆಗಾರರಾಗುವುದಿಲ್ಲ. ಕಡಲ ತೇವದಲ್ಲಿ ಬೂಷ್ಟು ಹಿಡಿಯುತ್ತಿರುವ ತಾಳಮದ್ದಲೆಯ ಧ್ವನಿಸುರುಳಿಗಳು, ಮನೆಗಳ ಅಟ್ಟದಲ್ಲಿರುವ ಪ್ರಸಂಗದ ಓಲೆಗಳು, ಹಾಡು ಬಲ್ಲ ವೃದ್ಧೆಯರ ನೆನಪು ಇವುಗಳ ಮುಂದೆ ನಿಂತು ಕಾಲಧರ್ಮವೆಂದು ನಿಟ್ಟುಸಿರುಬಿಡುವುದು ಸುಲಭ. ಆ ನಿಟ್ಟುಸಿರಿಗೆ ಶಾಸ್ತ್ರದ ಬೆಂಬಲವಿಲ್ಲವೆಂಬುದನ್ನು ತಿಳಿಸುವುದೇ ವಿಮರ್ಶೆಯ ಕರ್ತವ್ಯ. ಹೊಸ ಮಾಧ್ಯಮವೂ ಇಲ್ಲಿ ಶತ್ರುವಲ್ಲ. ಅಂಗೈಯಗಲದ ಮೊಬೈಲಿನಿಂದ ಒಂದು ಓಲೆಯ ಛಾಯಾಚಿತ್ರವನ್ನು ತೆಗೆಯಬಹುದು, ಒಂದು ಹಾಡನ್ನು ಹಿಡಿದಿಡಬಹುದು. ಸಾಧನ ಅಷ್ಟನ್ನು ಮಾಡಬಲ್ಲುದು, ಮಾಡಬೇಕೆಂಬ ಸಂಕಲ್ಪವನ್ನು ಅದು ಕೊಡಲಾರದು.

ವಿಕಾಸ ಪರಿಸರಗಳ ಮಾತು ಉಪಮೆಯಾಗಿ ಉಪಯುಕ್ತ, ರೂಪಕವಾಗಿ ಅಪಾಯಕರ. ಮಾಧ್ಯಮಗಳು ಜೀವಿಗಳಂತೆ ಇವೆ, ಜೀವಿಗಳಲ್ಲ. ಅವುಗಳ ಲೋಕ ಕಾಡಲ್ಲ, ಗಜನಿ. ಅಲ್ಲಿ ಉಪ್ಪೂ ಉಂಟು, ಸಿಹಿಯೂ ಉಂಟು, ಹೊಸನೀರು ಬರುವುದನ್ನು ತಡೆಯಲು ಆಗದು. ಕಟ್ಟವನ್ನು ಕಾಯುವುದೂ ಬೀಜವನ್ನು ತೆಗೆದಿಡುವುದೂ ಮಾತ್ರ ಕೈಯಲ್ಲಿರುವ ಕಾಯಕ. ಅದನ್ನು ಮಾಡಿದವರಿದ್ದ ಕಡೆ ನುಡಿ ಉಳಿದಿದೆ.